ಒಂದು ಹಲ್ಲಿಗೆ ಎಷ್ಟು ದಿನದ ಸಂಬಳ?

ಪೀಣ್ಯದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಮೊದಲ ದಂತ ತಪಾಸಣೆ ಶಿಬಿರ ಮಾಡಿದಾಗ ನಾನು ಸಮುದಾಯ ದಂತ ಆರೋಗ್ಯದಲ್ಲಿ ಎಂಡಿಎಸ್ ಮುಗಿಸಿ ವರ್ಷವೂ ಆಗಿರಲಿಲ್ಲ. ಆಮೇಲೆ ವೈಟ್‌ಫೀಲ್ಡ್‌ನ ಕಟ್ಟಡ ಕಾರ್ಮಿಕರ ಶೆಡ್‌ಗಳು, ಎಲೆಕ್ಟ್ರಾನಿಕ್ ಸಿಟಿ ಸುತ್ತಲಿನ ವಠಾರಗಳು. ಈ ವರ್ಷಗಳಲ್ಲಿ ಎಡವಿದ್ದು ಬಹಳ. ಈಗ ಈ ಕೆಲಸಕ್ಕೆ ಬರುತ್ತಿರುವ ಕಿರಿಯರ ಕಾಲ ಅದೇ ತಪ್ಪುಗಳಲ್ಲಿ ಕಳೆದುಹೋಗದಿರಲಿ ಎಂದು ಬರೆಯುತ್ತಿದ್ದೇನೆ.

1. ಚೀಟಿ ಬರೆದುಕೊಟ್ಟ ಮಾತ್ರಕ್ಕೆ ಚಿಕಿತ್ಸೆ ಆಗುವುದಿಲ್ಲ

ಪೀಣ್ಯದ ಆ ಮೊದಲ ಶಿಬಿರದ ದಿನ ಊಟದ ಹಾಲ್‌ನಲ್ಲಿ ಕೂತು ಸಂಜೆಯವರೆಗೆ ಬಾಯಿ ನೋಡಿದೆ. ಹುಳುಕು ಕಂಡವರಿಗೆಲ್ಲ ದಂತ ಕಾಲೇಜಿಗೆ ಚೀಟಿ ಬರೆದೆ. ವರದಿಯಲ್ಲಿ ಅವರನ್ನೆಲ್ಲ ಫಲಾನುಭವಿಗಳೆಂದು ಎಣಿಸಿದೆ. ತಿಂಗಳ ನಂತರ ಕಾಲೇಜಿನ ರಿಜಿಸ್ಟರ್ ತಿರುವಿದರೆ ಬಂದವರು ಬೆರಳೆಣಿಕೆಯಷ್ಟು. ಇವರಿಗೆ ಹಲ್ಲಿನ ಬಗ್ಗೆ ಅರಿವಿಲ್ಲ ಎಂದು ತೀರ್ಮಾನಿಸಿ ಮುಂದಿನ ಶಿಬಿರದಲ್ಲಿ ಭಾಷಣ ಉದ್ದ ಮಾಡಿದೆ.

ದವಡೆಗೆ ಲವಂಗ ಒತ್ತಿಕೊಂಡು ಮಿಷನ್ ಮುಂದೆ ಕೂರುತ್ತಿದ್ದ ಟೈಲರ್ ಒಬ್ಬರು ಭಾಷಣ ಮುಗಿದ ಮೇಲೆ ಹತ್ತಿರ ಬಂದರು. "ರೂಟ್ ಕೆನಾಲ್‌ಗೆ ಮೂರ್ನಾಲ್ಕು ಸಲ ಬನ್ನಿ ಅಂತೀರ ಮೇಡಂ. ನಿಮ್ಮ ಕಾಲೇಜು ತೆಗೆಯೋದು ನಾವು ಡ್ಯೂಟಿಲಿ ಇರೋ ಹೊತ್ತಿಗೆ. ಒಂದು ದಿನ ರಜಾ ಹಾಕಿದ್ರೆ ಸಂಬಳಾನೂ ಕಟ್, ಆ ತಿಂಗಳ ಅಟೆಂಡೆನ್ಸ್ ಬೋನಸ್ಸೂ ಹೋಗುತ್ತೆ. ಕೀಳಿಸಿದ್ರೆ ಒಂದೇ ದಿನ."

ಹಲ್ಲಿನ ಬೆಲೆ ಅವರಿಗೆ ಗೊತ್ತಿತ್ತು. ಅದನ್ನು ಉಳಿಸಿಕೊಳ್ಳಲು ಎಷ್ಟು ದಿನದ ಸಂಬಳ ಬಿಡಬೇಕೆಂಬುದು ನನಗೆ ಗೊತ್ತಿರಲಿಲ್ಲ. ಅವರು ಹಲ್ಲು ಕೀಳಿಸಿದರು. ಊಟ ಅಗಿಯಲು ಅತಿ ಮುಖ್ಯವಾದ ಕೆಳದವಡೆ ಹಲ್ಲು. ಅವರಿಗಿನ್ನೂ ಮೂವತ್ತೂ ತುಂಬಿರಲಿಲ್ಲ.

2. ಭಾನುವಾರ ಬೆಳಿಗ್ಗೆ ಯಾರಿಗೂ ಬಿಡುವಿರುವುದಿಲ್ಲ

ಆ ಮಾತು ಕೇಳಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ವಠಾರದ ಬಳಿ ಕುರ್ಚಿ ಹಾಕಿದೆವು. ಒಂದೂವರೆ ತಿಂಗಳು ಬಹುಪಾಲು ಖಾಲಿ ಕೂತೆವು. ವಾರದ ಬಟ್ಟೆ ಒಗೆಯುವುದು, ನೀರು ಹಿಡಿಯುವುದು, ರೇಷನ್ ತರುವುದು, ಊರಿಗೆ ಫೋನು, ಎಲ್ಲವೂ ಆ ಒಂದೇ ಬೆಳಿಗ್ಗೆ. ಸಂಜೆ ನಾಲ್ಕಕ್ಕೆ ಬದಲಿಸಿದ ಮೇಲೆ ಜನ ಬಂದರು. ಯಾರನ್ನಾದರೂ ಮೊದಲೇ ಕೇಳಿದ್ದರೆ ಒಂದೇ ನಿಮಿಷದಲ್ಲಿ ಹೇಳುತ್ತಿದ್ದರು.

ಅಲ್ಲಿ ಕೈಹಿಡಿದದ್ದು 1980ರ ದಶಕದಲ್ಲಿ ಟಾಂಜಾನಿಯಾದಲ್ಲಿ ರೂಪುಗೊಂಡ ಎಆರ್‌ಟಿ ವಿಧಾನ. ಡ್ರಿಲ್ ಬೇಡ, ಕರೆಂಟು ಬೇಡ. ಕೈ ಉಪಕರಣದಿಂದ ಹುಳುಕು ಕೆರೆದು ಗ್ಲಾಸ್ ಅಯಾನಮರ್ ಸಿಮೆಂಟ್ ತುಂಬಿದರೆ ಒಂದೇ ಸಲಕ್ಕೆ ಕೆಲಸ ಮುಗಿಯುತ್ತದೆ. ನರದವರೆಗೆ ಇಳಿದ ಹುಳುಕಿಗೆ ಇದು ಆಗದು. ಚಿಕ್ಕದಿದ್ದಾಗಲೇ ಹಿಡಿದರೆ ರೂಟ್ ಕೆನಾಲ್‌ನ ಆ ಮೂರ್ನಾಲ್ಕು ರಜೆ ಉಳಿಯುತ್ತದೆ.

3. ಕಂದು ಹಲ್ಲು ಕಂಡ ಕೂಡಲೇ ಬ್ರಷ್ ಬಗ್ಗೆ ಮಾತಾಡಬಾರದು

ಪಾವಗಡದಿಂದ ಬಂದಿದ್ದ ಹುಡುಗಿ ಕೈಯಿಂದ ಬಾಯಿ ಮುಚ್ಚಿಕೊಂಡೇ ಮಾತಾಡುತ್ತಿದ್ದಳು. ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟೆ. ಗೆಳತಿಯರೆದುರೇ "ದಿನಾ ಎರಡು ಸಲ ಹಲ್ಲುಜ್ಜಬೇಕಮ್ಮ" ಎಂದೆ. ಅವಳು ಏನೂ ಅನ್ನಲಿಲ್ಲ. ಅದೇ ಊರಿನ ಇನ್ನೊಬ್ಬಳಿಗೂ ಅದೇ ಪಟ್ಟೆ ಕಂಡಾಗ ನನಗೆ ಹೊಳೆಯಿತು: ಫ್ಲೋರೋಸಿಸ್. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಎಷ್ಟೋ ಕೊಳವೆಬಾವಿಗಳಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮಿತಿ ಮೀರಿ ಫ್ಲೋರೈಡ್ ಇದೆ. ಎಳವೆಯಲ್ಲಿ, ಹಲ್ಲು ಇನ್ನೂ ಒಸಡಿನೊಳಗೆ ರೂಪುಗೊಳ್ಳುವಾಗಲೇ ಆ ನೀರು ಗುರುತು ಬಿಟ್ಟಿರುತ್ತದೆ. ಎಷ್ಟು ಉಜ್ಜಿದರೂ ಹೋಗದು. ಓದಿ ಪರೀಕ್ಷೆ ಬರೆದಿದ್ದ ವಿಷಯ. ಎದುರಿಗೆ ಬಡ ಹುಡುಗಿ ಕೂತಿದ್ದಾಳೆಂದು ಕೊಳಕು ಎಂದುಕೊಂಡೆ. ಅವಳಲ್ಲಿ ಕ್ಷಮೆ ಕೇಳಲು ಹೋದಾಗ ಅವಳು ಕಾರ್ಖಾನೆ ಬದಲಿಸಿದ್ದಳು. ಈಗ ಮೊದಲ ಪ್ರಶ್ನೆ, "ಯಾವೂರು? ಚಿಕ್ಕಂದಿನಲ್ಲಿ ಯಾವ ನೀರು ಕುಡೀತಿದ್ರಿ?"

4. ಸಂಬಳದ ಚೀಟಿಯನ್ನೂ ನೋಡಬೇಕು

ಆಪರೇಟರ್ ಒಬ್ಬ ಕೈಸಾಲ ಮಾಡಿ ರೂಟ್ ಕೆನಾಲ್ ಮಾಡಿಸಿದ. ಅವನ ಸಂಬಳದಲ್ಲಿ ತಿಂಗಳು ತಿಂಗಳೂ ಕಾರ್ಮಿಕರ ವಿಮಾ ಯೋಜನೆಯಾದ ಇಎಸ್‌ಐಗೆ ಶೇ 0.75 ಕಡಿತವಾಗುತ್ತಿತ್ತು. ಇಎಸ್‌ಐಯಲ್ಲಿ ಹಲ್ಲಿನ ಚಿಕಿತ್ಸೆಯೂ ಸೇರಿದೆ. ಪೀಣ್ಯದಲ್ಲೇ ಇಎಸ್‌ಐ ಆಸ್ಪತ್ರೆಯಿದೆ. "ನೀವಾದ್ರೂ ಹೇಳಬಹುದಿತ್ತಲ್ಲ ಮೇಡಂ" ಎಂದ. ಹೇಳಬಹುದಿತ್ತು, ನಾನೂ ಅದನ್ನು ತಿಳಿದುಕೊಂಡಿರಲಿಲ್ಲ.

ತಿಂಗಳಿಗೆ 21,000 ರೂಪಾಯಿ ದಾಟಿದವರು ಇಎಸ್‌ಐಯಿಂದ ಹೊರಗೆ. ಕಂಪನಿಗಳ ಆರೋಗ್ಯ ವಿಮೆ ಸಾಮಾನ್ಯವಾಗಿ ಹಲ್ಲಿಗೆ ದುಡ್ಡು ಕೊಡುವುದಿಲ್ಲ. ದಿನಗೂಲಿಯವರಲ್ಲಿ ಹೆಚ್ಚಿನವರಿಗೆ ಎರಡೂ ಸಿಗುವುದಿಲ್ಲ. ರಾಜ್ಯದ ದಂತಭಾಗ್ಯ ಯೋಜನೆ ಹಲ್ಲೆಲ್ಲ ಬಿದ್ದ ಬಡ ಹಿರಿಯರಿಗೆ ಉಚಿತವಾಗಿ ಕೃತಕ ಹಲ್ಲಿನ ಸೆಟ್ ಕೊಡುತ್ತದೆ. ಅದು ದೊಡ್ಡ ಉಪಕಾರ. ಇಪ್ಪತ್ತೈದರಲ್ಲೇ ಆ ಹಲ್ಲು ಉಳಿಸುವುದಕ್ಕೂ ಅಷ್ಟೇ ಕಾಳಜಿ ಬೇಕು. ವೈಟ್‌ಫೀಲ್ಡ್ ಮುಖ್ಯರಸ್ತೆಯಲ್ಲಿ ದಂತ ಕ್ಲಿನಿಕ್‌ಗಳ ಸಾಲೇ ಇದೆ. ಅದರ ಹಿಂದಿನ ಶೆಡ್‌ನವರು ಅಲ್ಲಿ ಒಳಗೆ ಕಾಲಿಟ್ಟಿಲ್ಲ. ಹೆಚ್ಚು ಅಗತ್ಯವಿರುವವರಿಗೇ ಒಳ್ಳೆಯ ಚಿಕಿತ್ಸೆ ಕಡಿಮೆ ದಕ್ಕುತ್ತದೆ ಎಂದು ವೇಲ್ಸ್‌ನ ವೈದ್ಯ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲೇ ಬರೆದಿದ್ದರು. ಆ ರಸ್ತೆಯಲ್ಲಿ ನಡೆದಾಗಲೆಲ್ಲ ನೆನಪಾಗುತ್ತದೆ.

5. ಬೈದರೆ ಬಾಯಿ ಮುಚ್ಚುತ್ತದೆ

ಇದನ್ನು ಬರೆಯುವುದು ಕಷ್ಟ. ರಾಯಚೂರು ಕಡೆಯ ಗಾರೆ ಕೆಲಸದವರೊಬ್ಬರ ಕೆಳತುಟಿಯ ಒಳಗೆ, ತಂಬಾಕು ಇಡುವ ಜಾಗದಲ್ಲಿ, ಬಿಳಿ ಮಚ್ಚೆಯಿತ್ತು. ಗುಟ್ಕಾ ನಮ್ಮ ರಾಜ್ಯದಲ್ಲಿ 2013ರಲ್ಲೇ ನಿಷೇಧವಾಯಿತು. ಅಂಗಡಿಯಲ್ಲಿ ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು, ಬೆರೆಸಿಕೊಳ್ಳುವುದು ಅಂಗೈಯಲ್ಲಿ. "ರಾತ್ರಿ ಕಾಂಕ್ರೀಟ್ ಹಾಕೋದಿರ್ತದ್ರಿ, ನಿದ್ದಿ ಬರಬಾರ್ದಲ್ರಿ" ಎಂದರು. ನಾನು ಕ್ಯಾನ್ಸರ್ ಚಿತ್ರ ತೋರಿಸಿ, ಎಲ್ಲರಿಗೂ ಕೇಳುವಂತೆ ಗದರಿದೆ. ಮುಂದಿನ ವಾರ ಅವರು ಬರಲಿಲ್ಲ. ಅದರ ಮುಂದಿನ ತಿಂಗಳು ಹೋದರೆ ಕಟ್ಟಡ ಮುಗಿದು ಶೆಡ್ಡೇ ಖಾಲಿ. ಆ ಮಚ್ಚೆ ಏನಾಯಿತೋ, ಇವತ್ತಿಗೂ ತಿಳಿಯದು.

ಈಗ "ಖಾರ ತಿಂದ್ರೆ ಉರಿಯುತ್ತಾ?" ಎಂದು ಕೇಳುತ್ತೇನೆ. ಅವರದೇ ಮೂರು ಬೆರಳು ನಿಲ್ಲಿಸಿ ಬಾಯೊಳಗೆ ಇಡಲು ಹೇಳುತ್ತೇನೆ. ಹಿಡಿಸದಿದ್ದರೆ ಅಡಿಕೆ ಬಾಯನ್ನು ಬಿಗಿಯುತ್ತಿರಬಹುದು. ಅನುಮಾನ ಬಂದರೆ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಯಾವ ಬಸ್ಸು, ಯಾವ ಕೌಂಟರ್ ಎಂದು ಬರೆದು, ಮೇಸ್ತ್ರಿಯ ಹತ್ತಿರ ಆ ದಿನದ ರಜೆ ನಾನೇ ಕೇಳುತ್ತೇನೆ. ತಂಬಾಕು ಬಿಡುವ ಮಾತು ಆಮೇಲೆ, ಅವರೊಬ್ಬರೇ ಇದ್ದಾಗ.

6. ಆರು ವರ್ಷದ ಹಲ್ಲನ್ನು ತಾಯಂದಿರಿಗೆ ತೋರಿಸಿಕೊಡಿ

"ಹಾಲುಹಲ್ಲು, ಹೇಗೂ ಬೀಳ್ತವೆ" ಎಂದು ತಾಯಂದಿರು ಹೇಳಿದಾಗ ಅಸಡ್ಡೆ ಎಂದುಕೊಳ್ಳುತ್ತಿದ್ದೆ. ಹುಳುಕಾದ ಆ ಹಲ್ಲು ಎಷ್ಟೋ ಸಲ ಹಾಲುಹಲ್ಲೇ ಅಲ್ಲ ಎಂದು ನಾವ್ಯಾರೂ ಅವರಿಗೆ ಹೇಳಿರಲಿಲ್ಲ. ಆರನೇ ವರ್ಷದ ಸುಮಾರಿಗೆ ಹಾಲುಹಲ್ಲುಗಳ ಹಿಂದೆ ಮೊದಲ ಶಾಶ್ವತ ದವಡೆಹಲ್ಲು ಬರುತ್ತದೆ. ಯಾವ ಹಲ್ಲೂ ಬೀಳದೆ ಸದ್ದಿಲ್ಲದೆ ಬರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಮುಂಭಾಗದ ನಡುವಿನಿಂದ ಒಂದು ಪಕ್ಕಕ್ಕೆ ಎಣಿಸಿದರೆ ಆರನೆಯದು.

ಆ ಟೈಲರ್ ಕಳೆದುಕೊಂಡದ್ದೂ ಅದೇ ಹಲ್ಲು. ಈಗ ಭಾನುವಾರ ಸಂಜೆ ಅವರು ಪಕ್ಕದ ಮನೆ ಮಕ್ಕಳನ್ನು ಸಾಲಾಗಿ ಕೂರಿಸಿ, ಮೊಬೈಲ್ ಟಾರ್ಚ್ ಹಿಡಿದು, ಆರರವರೆಗೆ ಎಣಿಸುತ್ತಾರೆ. ಕರಿ ಚುಕ್ಕೆ ಕಂಡ ಮಗುವನ್ನು ಮೊದಲು ನನ್ನ ಕುರ್ಚಿಗೆ ಕಳಿಸುತ್ತಾರೆ.