ಮತ ಕೇಳಲು ಬಂದವರ ನಿಲುವು ಕೇಳಿ

ಕಳವಾ ಪ್ರದೇಶದ ಕನ್ನಡ ಬಂಧುಗಳೇ, ನಮ್ಮ ಮುಂಬ್ರಾ-ಕಳವಾ ಕ್ಷೇತ್ರ ಮಹಾರಾಷ್ಟ್ರ ವಿಧಾನಸಭೆಯ 288 ಸ್ಥಾನಗಳಲ್ಲಿ ಒಂದು. ಇಲ್ಲಿ ಕಳೆದ ವಿಧಾನಸಭಾ ಮತದಾನ ನಡೆದದ್ದು 2024ರ ನವೆಂಬರ್ 20ರಂದು. ಮುಂದಿನ ಸಲ ಅಭ್ಯರ್ಥಿ ಬಾಗಿಲಿಗೆ ಬಂದಾಗ ಕೈಮುಗಿದು ಕಳಿಸಿಬಿಡಬೇಡಿ. ನಿಲ್ಲಿಸಿ ಅವರ ನಿಲುವು ಕೇಳಿ.

ಯಾವ ಕೆಲಸ ಯಾರದ್ದೆಂದು ಮೊದಲು ತಿಳಿದಿರಲಿ. ಲೋಕಲ್ ರೈಲು ಕೇಂದ್ರದ ಹೊಣೆ. ನಲ್ಲಿ ನೀರು, ಚರಂಡಿ, ಕಳವಾ ಪ್ರದೇಶದ ಛತ್ರಪತಿ ಶಿವಾಜಿ ಮಹಾರಾಜ್ ಆಸ್ಪತ್ರೆ ಠಾಣೆ ಮಹಾನಗರಪಾಲಿಕೆಯವು. ಶಾಸಕರು ಕಾನೂನು ಮಾಡುವವರು, ರಾಜ್ಯದ ಬಜೆಟ್ಟಿಗೆ ಒಪ್ಪಿಗೆ ಕೊಡುವವರು. ಹಾಗಾಗಿ ಹಳೆಯ ಕಟ್ಟಡಗಳ ಪುನರ್ನಿರ್ಮಾಣ, ಝೋಪಡಪಟ್ಟಿ ಪುನರ್ವಸತಿ, ಬಾಡಿಗೆದಾರರ ಹಕ್ಕು, ಕನ್ನಡ ಶಾಲೆಗಳ ಅನುದಾನ ಇವುಗಳ ಬಗ್ಗೆ ಅವರನ್ನು ಕೇಳಿ. 'ನೋಡೋಣ' ಎಂಬ ಉತ್ತರ ಸಾಲದು. ಏನು ಮಾಡುತ್ತಾರೆ, ಯಾವಾಗ, ಯಾವ ಹಣದಿಂದ ಎಂದು ಬಿಡಿಸಿ ಹೇಳಲಿ.

ಅಭ್ಯರ್ಥಿಗಳು ನಾಮಪತ್ರದ ಜೊತೆ ಫಾರ್ಮ್ 26ರಲ್ಲಿ ಆಸ್ತಿ, ಸಾಲ, ವಿದ್ಯಾಭ್ಯಾಸ, ಕ್ರಿಮಿನಲ್ ಪ್ರಕರಣಗಳ ವಿವರವನ್ನು ಪ್ರಮಾಣ ಮಾಡಿ ಕೊಡಲೇಬೇಕು. ಚುನಾವಣಾ ಆಯೋಗದ ಜಾಲತಾಣದಲ್ಲಿ ಅದನ್ನು ಯಾರು ಬೇಕಾದರೂ ಓದಬಹುದು. ಮತ್ತೆ ಸ್ಪರ್ಧಿಸುವವರಾದರೆ ಹಿಂದಿನದರ ಜೊತೆ ಹೋಲಿಸಿ ನೋಡಿ.

ಜಾತಿ, ಭಾಷೆ, ಊರಿನ ನಂಟು ನೋಡಿ ಮತ ಹಾಕಬೇಡಿ. ಐದು ವರ್ಷದ ಅಧಿಕಾರ ಕೊಡುವವರು ನೀವು. ಪ್ರಶ್ನೆ ಕೇಳಿ, ಉತ್ತರ ತೂಗಿ, ಆಮೇಲೆ ಗುಂಡಿ ಒತ್ತಿ.