ಜಠರದ ಗೋಡೆ ಕಾಯುವ ಸೊಪ್ಪು

ಊಟ ತಡವಾದರೆ ಹೊಟ್ಟೆಯ ಮೇಲ್ಭಾಗದಲ್ಲಿ ಉರಿ, ನಡುರಾತ್ರಿ ಎಚ್ಚರಗೊಳಿಸುವ ನೋವು. ‘ಗ್ಯಾಸ್ಟ್ರಿಕ್’ ಎಂದುಕೊಂಡು ಮಾತ್ರೆ ನುಂಗಿ ಸುಮ್ಮನಾಗುವವರು ನಿಮ್ಮ ಮನೆಯಲ್ಲೂ ಇರಬಹುದು. ಆದರೆ ಅದು ಜಠರದ ಹುಣ್ಣು, ಅಂದರೆ ಅಲ್ಸರ್ ಆಗಿರುವ ಸಾಧ್ಯತೆಯೂ ಇದೆ.

ಖಾರ ತಿಂದರೆ ಹುಣ್ಣಾಗುತ್ತದೆ ಎಂಬುದು ಹಲವರ ನಂಬಿಕೆ. ನಿಜವಾಗಿ ಮುಖ್ಯ ಕಾರಣಗಳು ಎರಡು. ಒಂದು, ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ. ಇದನ್ನು ಕಂಡುಹಿಡಿದ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಇನ್ನೊಂದು, ಮಂಡಿನೋವು, ಬೆನ್ನುನೋವಿಗೆಂದು ದಿನಗಟ್ಟಲೆ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂತಹ ಮಾತ್ರೆಗಳು.

ಜಠರದಲ್ಲಿ ತೀಕ್ಷ್ಣ ಆಮ್ಲವಿದ್ದರೂ ಅದರ ಒಳಗೋಡೆ ಸುಡುವುದಿಲ್ಲ. ಲೋಳೆಯ ಪದರವೊಂದು ಅದನ್ನು ಕಾಯುತ್ತದೆ. ಈ ಪದರ ಗಟ್ಟಿಯಾಗಿರಲು ಗೋಡೆಯಲ್ಲಿ ರಕ್ತ ಚೆನ್ನಾಗಿ ಹರಿಯಬೇಕು. ಸೊಪ್ಪು ನೆರವಾಗುವುದು ಇಲ್ಲಿಯೇ.

ಪಾಲಕ್, ಹರಿವೆ, ಮೂಲಂಗಿ ಸೊಪ್ಪುಗಳಲ್ಲಿ ನೈಟ್ರೇಟ್ ಹೇರಳವಾಗಿದೆ. ಅದು ರಕ್ತಕ್ಕೆ ಸೇರಿದ ಮೇಲೆ ಒಂದು ಪಾಲು ಜೊಲ್ಲಿನೊಂದಿಗೆ ಮತ್ತೆ ಬಾಯಿಗೆ ಬರುತ್ತದೆ. ನಾಲಿಗೆಯ ಮೇಲಿರುವ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ಜೊಲ್ಲು ನುಂಗಿದಾಗ ಜಠರದ ಆಮ್ಲದಲ್ಲಿ ಅದರಿಂದ ನೈಟ್ರಿಕ್ ಆಕ್ಸೈಡ್ ಉಂಟಾಗುತ್ತದೆ. ಇದು ರಕ್ತನಾಳಗಳನ್ನು ಹಿಗ್ಗಿಸಿ, ಲೋಳೆಯ ಪದರವನ್ನು ದಪ್ಪಗೊಳಿಸುತ್ತದೆ.

ಸ್ವೀಡನ್ನಿನ ಸಂಶೋಧಕರು ಇಲಿಗಳಿಗೆ ನೈಟ್ರೇಟ್ ಕೊಟ್ಟಾಗ ನೋವಿನ ಮಾತ್ರೆಯಿಂದ ಜಠರಕ್ಕಾಗುವ ಹಾನಿ ಕಡಿಮೆಯಾಯಿತು. ಬ್ಯಾಕ್ಟೀರಿಯಾ ಕೊಲ್ಲುವ ಮೌತ್‌ವಾಶ್ ಹಾಕಿದ ಇಲಿಗಳಿಗೆ ಆ ರಕ್ಷಣೆ ಸಿಗಲಿಲ್ಲ. ಆದರೆ ಮನುಷ್ಯರ ಹುಣ್ಣನ್ನೂ ಸೊಪ್ಪು ತಡೆಯುತ್ತದೆಂದು ಇದರಿಂದ ಸಾಬೀತಾಗುವುದಿಲ್ಲ.

ಹಾಗಾದರೆ ನೀವೇನು ಮಾಡಬಹುದು?

* ಮಾಂಸದೂಟದ ದಿನವೂ ಒಂದು ಸೊಪ್ಪಿನ ಪದಾರ್ಥವಿರಲಿ. ಪಾಲಕ್ ಗೋಷ್ತ್, ಸೊಪ್ಪು ಹಾಕಿದ ದಾಲ್ ಮಕ್ಕಳಿಗೂ ರುಚಿಸುತ್ತವೆ.
* ಸೊಪ್ಪು ಬೇಯಿಸಿದ ನೀರನ್ನು ಚೆಲ್ಲಬೇಡಿ. ನೈಟ್ರೇಟ್ ನೀರಿನಲ್ಲಿ ಕರಗುತ್ತದೆ.
* ಹಲ್ಲುಜ್ಜುವುದನ್ನು ಬಿಡಬೇಡಿ. ಆದರೆ ವೈದ್ಯರು ಹೇಳದೆ ಬ್ಯಾಕ್ಟೀರಿಯಾ ನಾಶಕ ಮೌತ್‌ವಾಶ್ ದಿನವೂ ಬಳಸಬೇಡಿ.
* ಮೂತ್ರಪಿಂಡದ ಕಲ್ಲು ಇರುವವರು, ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಸೇವಿಸುವವರು ವೈದ್ಯರನ್ನು ಕೇಳಿಯೇ ಸೊಪ್ಪು ಹೆಚ್ಚಿಸಲಿ.

ಸೊಪ್ಪು ಆಹಾರವೇ ಹೊರತು ಹುಣ್ಣಿಗೆ ಔಷಧವಲ್ಲ. ಪೈಲೋರಿ ಸೋಂಕಿದ್ದರೆ ಆ್ಯಂಟಿಬಯೋಟಿಕ್ ಬೇಕೇ ಬೇಕು, ಅದನ್ನು ಅರ್ಧಕ್ಕೆ ನಿಲ್ಲಿಸಲೂಬಾರದು. ಚಿಕಿತ್ಸೆಯಲ್ಲಿರುವವರು ರಮಝಾನ್ ಬರುವ ಮುಂಚೆಯೇ ಉಪವಾಸ ಮತ್ತು ಮಾತ್ರೆಯ ಸಮಯದ ಬಗ್ಗೆ ವೈದ್ಯರೊಂದಿಗೆ ಮಾತನಾಡಲಿ. ಮಲ ಡಾಂಬರಿನಂತೆ ಕಪ್ಪಾದರೆ ಅಥವಾ ವಾಂತಿಯಲ್ಲಿ ರಕ್ತ ಕಂಡರೆ ಮನೆಮದ್ದು ಮಾಡುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ.