ತೂಕದ ಜೊತೆ ಮನಸ್ಸಿನ ಹೊರೆ

ಪೂಜೆ ಮುಗಿದು ಹೊರಬಂದವರಲ್ಲಿ "ಏನಮ್ಮಾ, ಇನ್ನೂ ದಪ್ಪ ಆಗಿದ್ದೀಯಲ್ಲ!" ಎನ್ನುವುದು ನಮ್ಮಲ್ಲಿ ಕುಶಲ ಕೇಳಿದಷ್ಟೇ ಸಹಜ. ಕೇಳಿಸಿಕೊಂಡವಳು ನಗುತ್ತಾಳೆ. ವರ್ಷಗಟ್ಟಲೆ ಕೇಳಿದ ಮೇಲೆ ತನಗೆ ತಾನೇ ಹೇಳಿಕೊಳ್ಳುತ್ತಾಳೆ: "ನಾನು ಸೋಮಾರಿ, ಯಾವುದಕ್ಕೂ ಬಾರದವಳು."

ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವು ಇದ್ದವರಿಗೆ ತೂಕ ಇಳಿಸುವುದು ಅಗತ್ಯವೇ. ಆದರೆ ನಾಚಿಕೆಯಿಂದ ತೂಕ ಇಳಿಯದು. ನೊಂದವರು ಹಗಲು ಉಪವಾಸವಿದ್ದು ರಾತ್ರಿ ಒಬ್ಬರೇ ಕುಳಿತು ಎರಡರಷ್ಟು ತಿನ್ನುವುದುಂಟು. ತಕ್ಕಡಿ ಹತ್ತಲು ಅಂಜಿ ಆಸ್ಪತ್ರೆಯನ್ನೇ ತಪ್ಪಿಸುವುದುಂಟು. ವಂಶಗುಣ, ಥೈರಾಯ್ಡ್, ಕೆಲವು ಔಷಧಗಳೂ ತೂಕ ಹೆಚ್ಚಿಸುತ್ತವೆ. ಇಂಥ ಹೀಯಾಳಿಕೆ ದೇಹಕ್ಕೂ ಮನಸ್ಸಿಗೂ ಹಾನಿಕರವೆಂಬ ತಜ್ಞರ ಹೇಳಿಕೆಯನ್ನು 2020ರಲ್ಲಿ 100ಕ್ಕೂ ಹೆಚ್ಚು ವೈದ್ಯಕೀಯ, ವೈಜ್ಞಾನಿಕ ಸಂಸ್ಥೆಗಳು ಅನುಮೋದಿಸಿದವು.

ಆದ್ದರಿಂದ ಊಟದ ಹಿತಮಿತ, ನಡಿಗೆಗಳ ಜೊತೆಗೇ ಮನಸ್ಸಿಗೂ ಆರೈಕೆ ಬೇಕು. ಆಪ್ತಸಮಾಲೋಚಕರು ಆ ಒಳಮಾತನ್ನು ಬರೆಸಿ, ಅದು ನಿಜವೇ ಎಂದು ಪರಿಶೀಲಿಸಲು ಕಲಿಸುತ್ತಾರೆ. ಇದಕ್ಕಾಗಿ ಹಿರೇಕೊಡಿಗೆಯಿಂದ ಬೆಂಗಳೂರಿಗೆ ಬಸ್ಸು ಹತ್ತಬೇಕಿಲ್ಲ. 2022ರ ಅಕ್ಟೋಬರಿನಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಗೆ (14416) ಹಗಲು ರಾತ್ರಿ ಎನ್ನದೆ ಕರೆ ಮಾಡಿ ಕನ್ನಡದಲ್ಲೇ, ಉಚಿತವಾಗಿ ಮಾತನಾಡಬಹುದು. (ಮಳೆಗಾಲದಲ್ಲಿ ಸಿಗ್ನಲ್ ಸಿಗಬೇಕಷ್ಟೆ!) ರಕ್ತಪರೀಕ್ಷೆ, ಔಷಧಕ್ಕೆ ಮಾತ್ರ ವೈದ್ಯರನ್ನೇ ಕಾಣಬೇಕು.

ದೇಹವು ಪವಿತ್ರಾತ್ಮರ ಆಲಯವೆಂಬ ಸಂತ ಪೌಲರ ಬೋಧನೆಯನ್ನು (1 ಕೊರಿಂಥ 6:19) ದಪ್ಪಗಿರುವವರನ್ನು ಚುಚ್ಚಲು ಬಳಸುವವರಿದ್ದಾರೆ. ಪೌಲರು ಅಲ್ಲಿ ತೂಕದ ಮಾತನ್ನೇ ಎತ್ತಿಲ್ಲ. ಆಲಯವೆಂದ ಮೇಲೆ ಗೌರವ ಮೊದಲು, ದುರಸ್ತಿ ಆಮೇಲೆ.

ತಾಯಂದಿರೇ, ಈ ಭಾನುವಾರ ಕಡುಬು ಬಡಿಸುವಾಗ ಮಗಳ ತಟ್ಟೆ ಎಣಿಸಬೇಡಿ. ಸಂಜೆ ಅವಳ ಜೊತೆ ತೋಟದ ಕೊನೆಯವರೆಗೆ ನಡೆದು ಬನ್ನಿ.